ಲೊಸಲೀನೆಯ ಬಲಗಾಲು

ಲೊಸಲೀನೆಯ ಬಲಗಾಲಿಗೆ ಏನೂ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಸರ್ಕಾರದ ಕಾಗದಗಳಲ್ಲಿ ಏಳು ವಾರಗಳ ಕಾಲ ಆ ಕಾಲು ಉಳುಕಿಕೊಂಡೇ ಇತ್ತು. ಪೆಟ್ಟು ಬಿದ್ದದ್ದು ಕುಂಡೆಗೆ. ನಾನು ಇದನ್ನು ಧೈರ್ಯವಾಗಿ ಬರೆಯಬಲ್ಲೆ. ನನ್ನ ಅಣ್ಣತಮ್ಮಂದಿರಲ್ಲಿ ಯಾರೂ ಈಗ ಬದುಕಿಲ್ಲ, ಬದುಕಿದ್ದರೂ ಅವರು ಓದುವ ಪೈಕಿಯಲ್ಲ. ಲೊಸಲೀನೆಗೆ ಆ ಅನುಕೂಲ ಇರಲಿಲ್ಲ. ಅವಳಿಗೆ ಅಣ್ಣನಿದ್ದ. ಅದೂ ಎಲ್ಲಿ ಇರಬಾರದಿತ್ತೋ ಅಲ್ಲಿಯೇ ಇದ್ದ.

ನನ್ನ ಹೆಸರು ತೊಕಿಲುಪೆ. ಟೋಂಗಾದಿಂದ ಆಸ್ಟ್ರೇಲಿಯಾದ ರಾಬಿನ್‌ವೇಲ್‌ಗೆ ದ್ರಾಕ್ಷಿ ಕೊಯ್ಯಲು ಬಂದವಳು ಇಲ್ಲಿಯೇ ಮದುವೆಯಾದೆ, ಇಲ್ಲಿಯೇ ಗಂಡನನ್ನು ಮಣ್ಣು ಮಾಡಿದೆ, ಹೀಗೆ ಮೂವತ್ತೊಂದು ವರ್ಷ ಕಳೆಯಿತು. ಈಗ ಸುಗ್ಗಿಗೆಂದು ಟೋಂಗಾದಿಂದ ಬರುವ ಹೆಂಗಸರ ಹಾಸ್ಟೆಲ್ ನೋಡಿಕೊಳ್ಳುತ್ತೇನೆ. ಹದಿನೆಂಟು ಹಾಸಿಗೆ, ಎರಡು ಬಚ್ಚಲು, ಒಂದು ವ್ಯಾನು. ಬೆಳಿಗ್ಗೆ ಐದಕ್ಕೆ ಅವರನ್ನು ತೋಟಕ್ಕೆ ಬಿಟ್ಟು, ಮಧ್ಯಾಹ್ನ ಎರಡಕ್ಕೆ ಕರೆತರುವವಳು ನಾನೇ. ಹೆಂಗಸರು ನನ್ನನ್ನು ತೊಕಿ ಅಕ್ಕ ಎನ್ನುತ್ತಾರೆ. ಬೆನ್ನ ಹಿಂದೆ ಬೇರೇನೋ ಎನ್ನುತ್ತಾರೆ. ಅದೂ ನನಗೆ ಗೊತ್ತು.

ಲೊಸಲೀನೆ ಟೋಂಗಾದ ಎವಾ ದ್ವೀಪದವಳು. ವಯಸ್ಸು ನಲವತ್ಮೂರು, ಎತ್ತರದ, ಭಾರಿ ಮೈಕಟ್ಟಿನ ಹೆಂಗಸು. ಊರಿನಲ್ಲಿ ಗೆಣಸು ಬೆಳೆಯುವ ಗಂಡ, ಮೂವರು ಹೆಣ್ಣುಮಕ್ಕಳು. ಇದು ಅವಳ ಐದನೆಯ ಸುಗ್ಗಿ. ನಮ್ಮ ಗುಂಪಿನಲ್ಲಿ ಅವಳಷ್ಟು ಬೇಗ ಕತ್ತರಿ ಆಡಿಸುವವರಿಲ್ಲ. ಗೊಂಚಲನ್ನು ಅಂಗೈಯಲ್ಲಿ ಎತ್ತಿ ಒಮ್ಮೆ ತೂಗಿದರೆ ಸಾಕು, ಒಳಗೆಲ್ಲೋ ಒಂದು ಕಾಯಿ ಕೊಳೆತಿದ್ದರೂ ಬೆರಳು ನೇರವಾಗಿ ಅಲ್ಲಿಗೇ ಹೋಗುತ್ತದೆ. ಬಳ್ಳಿಯ ಸಾಲುಗಳಿಗೆ ಮಾಲೀಕ ನಂಬರು ಕೊಟ್ಟಿದ್ದಾನೆ. ಇವಳು ಅವಕ್ಕೆ ತನ್ನೂರಿನವರ ಹೆಸರಿಟ್ಟಿದ್ದಾಳೆ. "ಇವತ್ತು ಪಾದ್ರಿ ಹೆಂಡ್ತೀನ ಮುಗ್ಸಿದೆ, ನಾಳೆ ಅಂಗಡಿಯವನನ್ನ ಕೊಯ್ತೀನಿ" ಎಂದು ಊಟಕ್ಕೆ ಕುಳಿತಾಗ ಹೇಳಿದರೆ ಉಳಿದವರು ನಕ್ಕು ನಕ್ಕು ಸುಸ್ತಾಗುತ್ತಾರೆ. ನಗುವುದರಲ್ಲಿ ಮಾತ್ರ ಅವಳಿಗೆ ಹೊತ್ತುಗೊತ್ತಿಲ್ಲ. ಹೆಣದ ಮುಂದೆಯೂ ನಕ್ಕವಳು. ಸತ್ತವನು ಬದುಕಿದ್ದಾಗ ಹೇಳಿದ್ದ ಯಾವುದೋ ಮಾತು ನೆನಪಾಯಿತಂತೆ.

ಊರಿನಲ್ಲಿ ಅವಳು ಇನ್ನೊಂದಕ್ಕೆ ಹೆಸರುವಾಸಿ, ಅದು ಚಾಪೆ. ನಮ್ಮಲ್ಲಿ ಹೆಣ್ಣಿನ ಆಸ್ತಿ ಎಂದರೆ ಅವಳು ಹೆಣೆದ ಚಾಪೆ. ಮದುವೆಗೆ, ಸಾವಿಗೆ, ಪಾದ್ರಿಗೆ ಮರ್ಯಾದೆ ಮಾಡಲು, ಎಲ್ಲಕ್ಕೂ ಅದು ಬೇಕು. ಚರ್ಚಿಗೋ ದೊಡ್ಡವರ ಮುಂದೆಯೋ ಹೋಗುವಾಗ ಗಂಡಸರೂ ಹೆಂಗಸರೂ ಅದನ್ನು ಸೊಂಟಕ್ಕೆ ಸುತ್ತಿಕೊಳ್ಳುತ್ತೇವೆ. ಲೊಸಲೀನೆಯ ಚಾಪೆಯನ್ನು ಬಟ್ಟೆಯ ಹಾಗೆ ಮಡಚಬಹುದು. ಬರುವ ವರ್ಷ ಹಿರಿಮಗಳ ಮದುವೆ. ಅದಕ್ಕೆ ಮನೆಯ ದೊಡ್ಡ ಚಾಪೆಯನ್ನು ಅವಳೇ ಹೆಣೆಯಬೇಕು. ಬೆಳಗಿನಿಂದ ಸಂಜೆಯವರೆಗೆ ನೆಲದ ಮೇಲೆ ಕಾಲು ಚಾಚಿ ಕುಳಿತು ತಿಂಗಳುಗಟ್ಟಲೆ ಮಾಡುವ ಕೆಲಸ ಅದು. ಕೂರಲಾಗದ ಹೆಂಗಸಿಗೆ ಎವಾದಲ್ಲಿ ಕೆಲಸವಿಲ್ಲ.

ಬಿದ್ದದ್ದು ಫೆಬ್ರವರಿಯಲ್ಲಿ. ಟ್ರ್ಯಾಕ್ಟರಿನ ಹಿಂದಿನ ಟ್ರೈಲರಿನಿಂದ ಇಳಿಯುವಾಗ ಕಾಲು ಜಾರಿ, ನೆಲದಲ್ಲಿ ಮುರಿದು ನಿಂತಿದ್ದ ಕಂಬದ ಮೋಟಿನ ಮೇಲೆ ಧೊಪ್ಪೆಂದು ಕುಳಿತಳು. ಹತ್ತಿರ ಇದ್ದವರೆಲ್ಲ ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ. ಮಾರನೆಯ ಬೆಳಿಗ್ಗೆ ವ್ಯಾನ್ ಹತ್ತುವಾಗ ಬಿಳಿಚಿಕೊಂಡಳು, ಕೇಳಿದರೆ ಕಾಲು ಜಾರಿ ಬಿದ್ದೆ ಎಂದಷ್ಟೇ ಹೇಳಿದಳು. ನಾನು ಅವಳನ್ನು ಕ್ಲಿನಿಕ್ಕಿಗೆ ಬಿಟ್ಟು, ಉಳಿದವರನ್ನು ತೋಟಕ್ಕೆ ಕರೆದುಕೊಂಡು ಹೋದೆ. ಅಲ್ಲಿಯೇ ಎಡವಟ್ಟಾಯಿತು. ನಾನು ಒಳಗೆ ಜೊತೆಗಿದ್ದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಒಳಗೆ ನಡೆದದ್ದು ನನಗೆ ಗೊತ್ತಾಗಿದ್ದು ಐದು ವಾರದ ಮೇಲೆ. ಆ ಐದು ವಾರ ನನಗೆ ಗೊತ್ತಿದ್ದದ್ದು ಡಾಕ್ಟರು ಬರೆದುಕೊಟ್ಟ ಚೀಟಿಯಲ್ಲಿದ್ದಷ್ಟೇ: ಬಲ ಪಾದ ಉಳುಕಿದೆ, ನಡೆದಾಡಬಾರದು, ವಿಶ್ರಾಂತಿ ಬೇಕು.

ಕೆಲಸದ ಜಾಗದಲ್ಲಿ ಪೆಟ್ಟಾದರೆ ಈ ದೇಶದಲ್ಲಿ ಚಿಕಿತ್ಸೆಯ ಖರ್ಚೂ ಮನೆಯಲ್ಲಿ ಮಲಗಿದ ದಿನಗಳ ಸಂಬಳವೂ ಸಿಗುತ್ತವೆ. ಇಲ್ಲಿ ಹುಟ್ಟಿದವನಿಗೆ ಎಷ್ಟೋ, ಒಂಬತ್ತು ತಿಂಗಳ ವೀಸಾದಲ್ಲಿ ಬಂದವಳಿಗೂ ಅಷ್ಟೇ. ಆದರೆ ಇದನ್ನು ನಮ್ಮ ಹೆಂಗಸರು ನಂಬುವುದಿಲ್ಲ, ಗುತ್ತಿಗೆ ಕಂಪನಿಯ ಮೇಸ್ತ್ರಿಗೆ ಅವರು ನಂಬುವುದು ಬೇಕಾಗಿಯೂ ಇಲ್ಲ.

"ಇದೆಲ್ಲ ಹೊರಗಿನೋರಿಗಲ್ಲ ತೊಕಿ," ಎಂದ ಆತ ಹಾಸ್ಟೆಲ್ಲಿನ ಬಾಗಿಲಲ್ಲಿ ನಿಂತು. "ಸುಮ್ನೆ ಟಿಕೆಟ್ ಮಾಡ್ಸಿ ಕಳ್ಸೋಣ. ವಾಸಿಯಾದ್ರೆ ಮುಂದಿನ ವರ್ಷ ನೋಡೋಣ."

"ಹೊರಗಿನೋಳು ಕೊಯ್ದ ದ್ರಾಕ್ಷಿ ನಿಮ್ಮ ಒಳಗೆ ಹೋಗುತ್ತಲ್ಲ, ಆಗ ಪಾಸ್‌ಪೋರ್ಟ್ ಕೇಳ್ತೀರಾ?" ಎಂದೆ. ಅವನ ಮುಖ ದಪ್ಪಗಾಯಿತು. ಅವನ ಎದುರಿಗೇ ಅರ್ಜಿ ತುಂಬಿ ಪರಿಹಾರದ ಕಚೇರಿಗೆ ಕಳಿಸಿದೆ. ಚೀಟಿಯಲ್ಲಿದ್ದ ಹಾಗೆಯೇ ಬರೆದೆ: ಬಲ ಪಾದ.

ಈಗ ನನ್ನ ತಪ್ಪನ್ನೂ ಹೇಳಬೇಕು. ಒಂದು ವಾರ ಕಳೆಯುವುದರೊಳಗೆ ನನಗೆ ಲೊಸಲೀನೆಯ ಮೇಲೆ ಅನುಮಾನ ಬಂತು. ಪಾದ ಉಳುಕಿದವಳು ಕುಳಿತಿರಬೇಕಲ್ಲ. ಇವಳು ಇಡೀ ದಿನ ನಿಂತಿರುತ್ತಿದ್ದಳು. ಅಡುಗೆಮನೆಯ ಕಟ್ಟೆಗೆ ತಟ್ಟೆ ಇಟ್ಟುಕೊಂಡು ನಿಂತೇ ಊಟ ಮಾಡುತ್ತಿದ್ದಳು. ಮಕ್ಕಳ ಜೊತೆ ಫೋನಿನಲ್ಲಿ ನಿಂತೇ ಮಾತಾಡುತ್ತಿದ್ದಳು. ಭಾನುವಾರ ಚರ್ಚಿನಲ್ಲಿ ಪಾದ್ರಿ ಮುಕ್ಕಾಲು ಗಂಟೆ ಉಪದೇಶ ಮಾಡಿದರು. ಎಲ್ಲರೂ ಕುಳಿತಿದ್ದಾಗ ಹಿಂದಿನ ಸಾಲಿನಲ್ಲಿ ಇವಳೊಬ್ಬಳು ಸೊಂಟಕ್ಕೆ ಚಾಪೆ ಸುತ್ತಿಕೊಂಡು ನೆಟ್ಟಗೆ ನಿಂತಿದ್ದಳು. ಕೊನೆಯಲ್ಲಿ ಪಾದ್ರಿ ಕಣ್ಣೊರೆಸಿಕೊಂಡು, "ನಮ್ಮ ಸೋದರಿಯನ್ನ ನೋಡಿ. ಕಾಲು ಉಳುಕಿದ್ರೂ ದೇವರ ಮುಂದೆ ಕೂರೋಕೆ ಅವರ ಮನಸ್ಸು ಒಪ್ಪಲಿಲ್ಲ" ಎಂದರು. ಮುಂದಿನ ಭಾನುವಾರ ಇನ್ನೂ ಮೂವರು ಹೆಂಗಸರು ನಿಂತರು. ಅದರ ಮುಂದಿನ ಭಾನುವಾರ ಏಳು ಜನ. ಭಕ್ತಿಯಲ್ಲಿ ಎವಾದವರಿಗೆ ಸೋಲಲು ವವಾವು ದ್ವೀಪದವರು ತಯಾರಿರಲಿಲ್ಲ. ನನಗೆ ಮಂಡಿನೋವು, ಇಲ್ಲದಿದ್ದರೆ ನಾನೂ ನಿಲ್ಲುತ್ತಿದ್ದೆನೋ ಏನೋ.

ನಾಲ್ಕನೆಯ ವಾರ ಪರಿಹಾರದ ಕಚೇರಿಯವರು ಪರೀಕ್ಷೆಗೆಂದು ಒಬ್ಬ ಕಾಲಿನ ಡಾಕ್ಟರನ್ನು ಕಳಿಸಿದರು. ಅವರು ಅವಳ ಬಲಗಾಲನ್ನು ತಿರುಗಿಸಿದರು, ಒತ್ತಿದರು, ತಟ್ಟಿದರು. ಹತ್ತು ದಿನದಲ್ಲಿ ಪತ್ರ ಬಂತು. ಅರ್ಜಿ ತಿರಸ್ಕೃತವಾಗಿತ್ತು. ಕಾರಣವನ್ನು ನಾನು ಎರಡು ಸಲ ಓದಿದೆ: ಅರ್ಜಿದಾರರು ಕುರ್ಚಿಯನ್ನು ಮೂರು ಬಾರಿ ನಿರಾಕರಿಸಿ, ನಲವತ್ತು ನಿಮಿಷ ಎರಡೂ ಕಾಲುಗಳ ಮೇಲೆ ಸಮಭಾರ ಹಾಕಿ, ಯಾವ ತೊಂದರೆಯೂ ಇಲ್ಲದೆ ನಿಂತಿದ್ದರು.

ಪತ್ರ ಹಿಡಿದುಕೊಂಡು ಅವಳ ಕೋಣೆಗೆ ನುಗ್ಗಿದೆ. ನಡುಮಧ್ಯಾಹ್ನ. ಅವಳು ದಿಂಬಿಗೆ ಮುಖ ಒತ್ತಿ ಬೋರಲು ಮಲಗಿದ್ದಳು.

"ಏಳೇ ನಾಟಕದೋಳೇ. ನಿನ್ನ ಕಾಲು ಕುದುರೆ ಕಾಲಿಗಿಂತ ಗಟ್ಟಿ ಇದೆಯಂತೆ. ನಿನ್ನಿಂದ ನನ್ನ ಮರ್ಯಾದೆ ಹೋಯ್ತು ಆ ಮೇಸ್ತ್ರಿ ಮುಂದೆ," ಎಂದು ಕೂಗಾಡಿದೆ.

ಅವಳು ದಿಂಬಿನಿಂದ ಮುಖ ಎತ್ತಲಿಲ್ಲ. "ಅಕ್ಕಾ, ಬಾಗಿಲು ಹಾಕು," ಎಂದಳು.

ಹಾಕಿದೆ. ಅವಳು ಕೈಯನ್ನು ಹಿಂದಕ್ಕೆ ತಂದು ಹೊದಿಕೆ ಸರಿಸಿ, ಬೆನ್ನಿನ ಕೊನೆಯನ್ನು ತೋರಿಸಿದಳು. ಐದು ವಾರವಾದರೂ ಅಲ್ಲಿ ಬಾತಿತ್ತು, ಚರ್ಮ ಇನ್ನೂ ಹಳದಿಗಟ್ಟಿತ್ತು. ನನ್ನ ಸಿಟ್ಟೆಲ್ಲ ಜರ್ರನೆ ಇಳಿದುಹೋಯಿತು. ಇಷ್ಟು ನೋವನ್ನು ನುಂಗಿಕೊಂಡವಳನ್ನು ನಾಟಕದವಳು ಎಂದೆನಲ್ಲ ಎಂದು ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಮತ್ತೆ ಪಾದ ಅಂತ ಯಾಕೆ ಹೇಳ್ದೆ?"

"ಫೋನಲ್ಲಿ ಇಸಿಲೇಲಿ ಇದ್ದ," ಎಂದಳು.

ಇಸಿಲೇಲಿ ಅವಳ ದೊಡ್ಡಮ್ಮನ ಮಗ. ಒಂದೇ ಮನೆಯಲ್ಲಿ ಬೆಳೆದವರು. ಇಪ್ಪತ್ತು ವರ್ಷದ ಹಿಂದೆ ಮೆಲ್ಬರ್ನಿಗೆ ಬಂದು, ಓದಿ, ಪರೀಕ್ಷೆ ಕಟ್ಟಿ, ಆಸ್ಪತ್ರೆಗಳಿಗೆ ಕೋರ್ಟುಗಳಿಗೆ ಫೋನಿನಲ್ಲಿ ಮಾತು ಅನುವಾದಿಸುವ ಕೆಲಸದಲ್ಲಿದ್ದಾನೆ. ನಮ್ಮಲ್ಲಿ ದೊಡ್ಡಮ್ಮನ ಮಗ ಎಂದರೆ ಅಣ್ಣನೇ. ಅಣ್ಣತಂಗಿ ಎಂದರೆ ಅದಕ್ಕೊಂದು ಮರ್ಯಾದೆ ಇದೆ. ದೊಡ್ಡವರಾದ ಮೇಲೆ ತಂಗಿಯಿರುವ ಕೋಣೆಯಲ್ಲಿ ಅಣ್ಣ ಕೂರುವುದಿಲ್ಲ. ಅವಳ ಎದುರು ಪೋಲಿ ಮಾತು ಬಂದರೆ ಎದ್ದು ಹೋಗುತ್ತಾನೆ. ಮೈಯ ಮಾತಂತೂ ಮುಗಿದೇ ಹೋಯಿತು. ಹೊಟ್ಟೆನೋವು ಎನ್ನುವುದಕ್ಕೂ ಮೂರನೆಯವರು ಬೇಕು. ಈ ಮರ್ಯಾದೆಯಲ್ಲಿ ಮೇಲಿನ ಸ್ಥಾನ ತಂಗಿಯದು. ಅವಳಿಗೆ ಮುಜುಗರ ಮಾಡಿದ ಗಂಡಸು ನಮ್ಮಲ್ಲಿ ತಲೆ ಎತ್ತಿ ಓಡಾಡುವ ಹಾಗಿಲ್ಲ.

ಕ್ಲಿನಿಕ್ಕಿನ ಡಾಕ್ಟರು ಅನುವಾದಕರಿಗೆ ಫೋನ್ ಮಾಡಿ, ಅದನ್ನು ಎಲ್ಲರಿಗೂ ಕೇಳುವ ಹಾಗೆ ಮೇಜಿನ ಮೇಲಿಟ್ಟರಂತೆ. ಅನುವಾದಕರು ಹೆಸರು ಹೇಳುವುದಿಲ್ಲ, ನಂಬರು ಹೇಳುತ್ತಾರೆ. ಆದರೆ ಊರಿನ ಚರ್ಚಿನಲ್ಲಿ ಅವನ ಪಕ್ಕದ ಸಾಲಿನಲ್ಲಿ ಹತ್ತು ವರ್ಷ ಹಾಡಿದವಳಿಗೆ ನಂಬರು ಯಾಕೆ ಬೇಕು? ಮೊದಲ ಮಾತಿಗೇ ದನಿ ಗುರುತು ಸಿಕ್ಕಿತು. ಡಾಕ್ಟರು ಅವಳ ಹೆಸರು, ಊರು ಹೇಳಿದ ಕೂಡಲೆ ಆ ಕಡೆ ಅವನಿಗೂ ಗೊತ್ತಾಯಿತು. ನಿಯಮದ ಪ್ರಕಾರ ಆಗಲೇ ಅವನು, ಇವಳು ನನ್ನ ಸಂಬಂಧಿ ಎಂದು ಹೇಳಿ ಫೋನ್ ಇಡಬೇಕಿತ್ತು. ಟೋಂಗಾ ಭಾಷೆಯ ಇನ್ನೊಬ್ಬ ಅನುವಾದಕ ಸಿಗಲು ವಾರವಾಗುತ್ತದೆ, ಅಷ್ಟು ದಿನ ತಂಗಿ ನರಳಬೇಕಲ್ಲ ಎಂದು ಅವನು ಇಡಲಿಲ್ಲ. ಅಣ್ಣನಿಗೆ ಅವಮಾನವಾದೀತೆಂದು ಇವಳೂ ಬಾಯಿ ಬಿಡಲಿಲ್ಲ.

"ಎಲ್ಲಿ ನೋವು ಅಂತ ಕೇಳ್ತಿದ್ದಾರೆ," ಎಂದನಂತೆ ಇಸಿಲೇಲಿ, ಗುರುತೇ ಇಲ್ಲದವನ ಹಾಗೆ.

"ಕೆಳಗೆ," ಎಂದಳು ಇವಳು.

"ಸೊಂಟದಲ್ಲಾ ಅಂತಾರೆ."

"ಇನ್ನೂ ಸ್ವಲ್ಪ ಕೆಳಗೆ."

ಆ ಕಡೆ ಅವನ ಉಸಿರು ನಿಂತದ್ದು ಇವಳಿಗೆ ಕೇಳಿಸಿತಂತೆ. ಅವನಿಗೆ ಅರ್ಥವಾಗಿತ್ತು. ಸೊಂಟದಿಂದ ಸ್ವಲ್ಪ ಕೆಳಗೆ ಏನಿದೆ ಎಂದು ಯಾವ ಗಂಡಸಿಗೆ ಗೊತ್ತಿಲ್ಲ? ಅವನು ಡಾಕ್ಟರಿಗೆ, "ಬಹಳ ಕೆಳಗೆ" ಎಂದ.

"ಮಂಡಿಯಾ?" ಎಂದರು ಡಾಕ್ಟರು. ಮಂಡಿ ಇಬ್ಬರಿಗೂ ದೂರ ಸಾಲಲಿಲ್ಲ. "ಇನ್ನೂ ಕೆಳಗೆ," ಎಂದು ಅಣ್ಣ ಇಂಗ್ಲಿಷಿನಲ್ಲೂ ತಂಗಿ ಟೋಂಗಾ ಭಾಷೆಯಲ್ಲೂ ಒಟ್ಟಿಗೇ ಹೇಳಿದರು.

"ಹಾಗಾದ್ರೆ ಪಾದ."

"ಹೌದು," ಎಂದರು ಇಬ್ಬರೂ. ಅಷ್ಟು ಹೊತ್ತಿಗೆ ಇಬ್ಬರಿಗೂ ಬೆವರು ಬಿಟ್ಟಿತ್ತು.

"ಎಡವೋ ಬಲವೋ?"

ಇದನ್ನು ಯಾರೂ ಯೋಚಿಸಿರಲಿಲ್ಲ. "ನಿಮ್ಮಿಷ್ಟ," ಎಂದಳು ಲೊಸಲೀನೆ. ಇಸಿಲೇಲಿ ಅದನ್ನು ಬಲಗಾಲು ಎಂದು ಅನುವಾದಿಸಿದ.

ಇದನ್ನು ಕೇಳಿ ನಾನು ಆ ಹಾಸಿಗೆಯ ಅಂಚಿನಲ್ಲಿ ಕುಸಿದು ಕುಳಿತು ನಕ್ಕೆ. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕೆ. ಬೋರಲು ಮಲಗಿದ್ದ ಅವಳೂ ದಿಂಬಿನೊಳಗೇ ನಕ್ಕಳು. ಪ್ರತಿ ಸಲ ನಕ್ಕಾಗಲೂ, "ಅಯ್ಯೋ ನೋವು, ನಗಿಸ್ಬೇಡ ಅಕ್ಕಾ" ಎನ್ನುತ್ತಿದ್ದಳು.

"ಕೈ ತೋರ್ಸಿ ಹೇಳಬಹುದಿತ್ತಲ್ಲೇ ಡಾಕ್ಟರಿಗೆ?"

"ತೋರ್ಸಿದ್ರೆ ಡಾಕ್ಟರು ಅದರ ಹೆಸರು ಹೇಳ್ತಿದ್ರು. ಅದನ್ನ ಇಸಿಲೇಲಿ ನನಗೆ ಹೇಳ್ಬೇಕಾಗ್ತಿತ್ತು."

ನಗು ಮುಗಿದ ಮೇಲೆ ನಾನು ದಾರಿ ಹುಡುಕಿದೆ. ತಿರಸ್ಕಾರದ ಮೇಲೆ ಆಕ್ಷೇಪ ಸಲ್ಲಿಸಬಹುದು, ಎರಡೂ ಕಡೆಯವರನ್ನು ಕೂರಿಸಿ ಮಾತಾಡಿಸುತ್ತಾರೆ. ಅಲ್ಲಿ ನಿಜ ಹೇಳಿದರಾಯಿತು ಎಂದೆ. ಲೊಸಲೀನೆ ತಲೆಯಾಡಿಸಿದಳು.

"ನಿಜ ಹೇಳಿದ್ರೆ ಅನುವಾದ ತಪ್ಪಿತ್ತು ಅಂತ ಹೇಳಿದ ಹಾಗೆ. ಅವನ ಕೆಲಸ ಹೋಗುತ್ತೆ. ಬೇಡ. ತಿಂಗಳ ಕೊನೆಯ ವಿಮಾನಕ್ಕೆ ಹೋಗ್ತೀನಿ."

"ಊರಿಗೆ ಹೋಗಿ ಮಗಳ ಮದುವೆ ಚಾಪೆ ಹೇಗೆ ಹೆಣೀತೀಯ? ನಿಂತ್ಕೊಂಡಾ?"

ಊರಿನ ಆಸ್ಪತ್ರೆಯಲ್ಲಿ ಮೂಳೆಯ ಡಾಕ್ಟರಿಲ್ಲ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಮೊದಲ ಸಲ ಅವಳ ಮುಖದಲ್ಲಿ ನಗು ಇರಲಿಲ್ಲ. ನನಗೆ ಸಂಕಟವಾಯಿತು. ಜೊತೆಗೆ ಸಿಟ್ಟೂ ಬಂತು, ಅವಳ ಮೇಲಲ್ಲ, ಫೋನಿನ ಆ ಕಡೆ ಕುಳಿತು ಪಾದ ಎಂದವನ ಮೇಲೆ.

ಆ ಸಿಟ್ಟಿನಲ್ಲಿಯೇ ಮೂರು ಕೆಲಸ ಮಾಡಿದೆ. ಮೊದಲನೆಯದು, ಆಕ್ಷೇಪ ಸಲ್ಲಿಸಿದೆ. ಮುಂದಿನ ವಾರದ ಗುರುವಾರಕ್ಕೆ ಪಕ್ಕದ ಪಟ್ಟಣ ಮಿಲ್ಡೂರದಲ್ಲಿ ಸಭೆ ಗೊತ್ತಾಯಿತು. ಅನುವಾದಕ ಯಾರು ಎಂದು ಕೇಳಿದರೆ ನಂಬರು ಹೇಳಿದರು, ಅದು ಕ್ಲಿನಿಕ್ಕಿನ ಚೀಟಿಯ ಕೆಳಗೆ ಬರೆದಿದ್ದ ಅದೇ ನಂಬರು. ಎರಡನೆಯದು, ಲೊಸಲೀನೆಗೆ ಸುಳ್ಳು ಹೇಳಿದೆ. ಪರಿಹಾರ ಬೇಡವಾದರೂ ಅಲ್ಲಿಗೆ ಬಂದೇ ಬೇಡ ಎನ್ನಬೇಕು, ಇಲ್ಲದಿದ್ದರೆ ವಿಮಾನ ಹತ್ತಲು ಬಿಡುವುದಿಲ್ಲ ಎಂದೆ. ಮೂರನೆಯದು, ಇಸಿಲೇಲಿಯ ಹೆಂಡತಿ ಫುಸಿಗೆ ಫೋನ್ ಮಾಡಿದೆ. ಅವನಿಗೇ ಮಾಡಬಹುದಿತ್ತು, ಆದರೆ ಕೆಲವು ಮಾತುಗಳನ್ನು ಗಂಡಸಿಗೆ ಹೆಂಡತಿಯ ಬಾಯಿಂದಲೇ ಕೇಳಿಸಬೇಕು.

ಫುಸಿ ನಾನು ಹೇಳಿದ್ದನ್ನು ಪೂರ್ತಿ ಕೇಳಿದಳು. ಬಲಗಾಲಿನ ಹತ್ತಿರ ಬಂದಾಗ ಅವಳೂ ನಕ್ಕಳು.

"ಅದಕ್ಕೇನಾ ಅಕ್ಕಾ? ಐದು ವಾರದಿಂದ ನಿದ್ದೆ ಮಾಡ್ತಿಲ್ಲ ಈ ಮನುಷ್ಯ. ಕೇಳಿದ್ರೆ ಸಕ್ಕರೆ ಕಾಯಿಲೆ ಅಂತಾನೆ."

"ಗುರುವಾರ ಹನ್ನೊಂದಕ್ಕೆ," ಎಂದೆ.

"ನೋಡ್ಕೋತೀನಿ," ಎಂದಳು.

ಗುರುವಾರ ಬೆಳಿಗ್ಗೆ ಲೊಸಲೀನೆ ವ್ಯಾನಿನ ಸೀಟಿನಲ್ಲಿ ಎರಡು ದಿಂಬು ಹಾಕಿಕೊಂಡು ಒಂದೇ ತೊಡೆಯ ಮೇಲೆ ಭಾರ ಹಾಕಿ ಕುಳಿತಳು. ಮಿಲ್ಡೂರದವರೆಗೆ ಒಂದು ಗಂಟೆ, ರಸ್ತೆಯ ಪ್ರತಿ ಗುಂಡಿಗೂ ಒಂದೊಂದು ಸಲ ದೇವರ ಹೆಸರು ಹೇಳಿದಳು. ಸಭೆಯ ಕೋಣೆಯಲ್ಲಿ ಒಬ್ಬ ಹೆಂಗಸು ಅಧಿಕಾರಿ ಇದ್ದರು, ಬಿಳಿ ಕೂದಲು, ಕೊರಳಲ್ಲಿ ಕನ್ನಡಕ. ಎದುರಿಗೆ ಪರಿಹಾರದ ಹಣ ಕೊಡಬೇಕಾದ ವಿಮೆಯ ಕಡೆಯವನು, ಮುಂದೆ ದಪ್ಪನೆಯ ಫೈಲು. ಮೇಜಿನ ಮಧ್ಯೆ ಫೋನು. ಅಧಿಕಾರಿ ಕುರ್ಚಿ ತೋರಿಸಿದರು. ಲೊಸಲೀನೆ ನಿಂತೇ ಇದ್ದಳು. ವಿಮೆಯವನು ಅದನ್ನು ನೋಡಿ ಫೈಲಿನಲ್ಲಿ ಏನೋ ಬರೆದುಕೊಂಡ.

ಅಧಿಕಾರಿ ಫೋನಿಗೆ ಕೈ ಹಾಕುವಷ್ಟರಲ್ಲಿ ಬಾಗಿಲು ತೆರೆಯಿತು. ಇಸಿಲೇಲಿ ಬಂದಿದ್ದ. ಮೆಲ್ಬರ್ನಿನಿಂದ ಆರು ಗಂಟೆ ಕಾರು ಓಡಿಸಿಕೊಂಡು, ಕರಿ ಅಂಗಿ ತೊಟ್ಟು, ಸಾವಿನ ಮನೆಗೋ ರಾಜನ ಮನೆಗೋ ಹೋಗುವವನ ಹಾಗೆ ಸೊಂಟಕ್ಕೆ ದೊಡ್ಡ ಚಾಪೆ ಸುತ್ತಿಕೊಂಡು ಬಂದಿದ್ದ. ಒಳಗೆ ಕಾಲಿಡಲಿಲ್ಲ. ಹೊಸ್ತಿಲಲ್ಲಿ ನಿಂತು, ಗೋಡೆಯ ಕಡೆ ಮುಖ ಮಾಡಿ, ಇಂಗ್ಲಿಷಿನಲ್ಲಿ ಮಾತಾಡಿದ. ಲೊಸಲೀನೆ ಕಿಟಕಿಯ ಕಡೆ ತಿರುಗಿ ನಿಂತಳು. ನನಗೆ ಇಬ್ಬರೂ ಕಾಣುತ್ತಿದ್ದರು.

"ನಾನು ಈ ಕೇಸಿನ ಅನುವಾದಕ. ಇವಳು ನನ್ನ ತಂಗಿ. ಅದನ್ನ ನಾನು ಮೊದಲ ದಿನವೇ ಹೇಳ್ಬೇಕಿತ್ತು, ಹೇಳ್ಲಿಲ್ಲ. ಕ್ಲಿನಿಕ್ಕಿನಲ್ಲಿ ಅನುವಾದ ತಪ್ಪು ಮಾಡಿದೆ. ಅವಳಿಗೆ ಪೆಟ್ಟಾಗಿರೋದು ಪಾದಕ್ಕಲ್ಲ. ಇದು ನನ್ನ ತಪ್ಪು, ಅವಳದ್ದಲ್ಲ. ಹಾಗಂತ ಬರ್ಕೊಳ್ಳಿ."

"ಹಾಗಾದರೆ ಪೆಟ್ಟಾಗಿರೋದು ಎಲ್ಲಿಗೆ?" ಎಂದರು ಅಧಿಕಾರಿ.

"ಅದನ್ನ ನಾನು ಹೇಳಕ್ಕಾಗಲ್ಲ."

"ಇಂಗ್ಲಿಷಿನಲ್ಲಿ ಹೇಳಿ. ಅವರಿಗೆ ಅಷ್ಟಾಗಿ ಇಂಗ್ಲಿಷ್ ಬರಲ್ಲ ಅಲ್ವಾ?"

"ಅವಳಿಗೆ ಬರದೆ ಇರಬಹುದು ಮೇಡಂ. ನನಗೆ ಬರುತ್ತಲ್ಲ."

ಅಧಿಕಾರಿ ಕನ್ನಡಕ ಹಾಕಿಕೊಂಡು ಅವನನ್ನು ನೋಡಿದರು, ಆಮೇಲೆ ಕಿಟಕಿಯ ಕಡೆ ನಿಂತಿದ್ದವಳನ್ನು ನೋಡಿದರು. ಇಸಿಲೇಲಿ ಜೇಬಿನಿಂದ ಚೀಟಿ ತೆಗೆದು, ತಿರುಗದೆಯೇ ಕೈ ಹಿಂದಕ್ಕೆ ಚಾಚಿದ. ನಾನು ಹೋಗಿ ತೆಗೆದುಕೊಂಡೆ. ಬ್ರಿಸ್ಬೇನಿನಲ್ಲಿರುವ ಒಬ್ಬ ಹೆಂಗಸಿನ ನಂಬರು, ಅವಳೂ ಪರೀಕ್ಷೆ ಕಟ್ಟಿದ ಅನುವಾದಕಿ. ಅವಳನ್ನು ಬೇಡಿಕೊಂಡು, ಹನ್ನೊಂದು ಗಂಟೆಗೆ ಫೋನಿನ ಹತ್ತಿರ ಕೂರಿಸಿಟ್ಟು ಬಂದಿದ್ದ.

"ನಾನು ಕಾರು ನಿಲ್ಲಿಸೋ ಜಾಗಕ್ಕೆ ಹೋಗ್ತೀನಿ. ನಾನು ಅಲ್ಲಿಗೆ ಹೋಗಿ ಮುಟ್ಟಿದ ಮೇಲೆ ಕೇಳಿ. ಗೋಡೆ ತೆಳ್ಳಗಿರೋ ಹಾಗಿದೆ," ಎಂದು ಹೇಳಿ ಹೋದ.

ಅವನು ಅಂಗಳ ದಾಟುವವರೆಗೂ ಅಧಿಕಾರಿ ನಿಜಕ್ಕೂ ಕಾದರು. ಅದಕ್ಕಾಗಿ ಆ ಹೆಂಗಸನ್ನು ನಾನು ಸಾಯುವವರೆಗೂ ನೆನೆಯುತ್ತೇನೆ. ಆಮೇಲೆ ಬ್ರಿಸ್ಬೇನಿಗೆ ಫೋನ್ ಮಾಡಿದರು. ಆ ಕಡೆಯ ಹೆಂಗಸು, "ಎಲ್ಲಿ ನೋವಮ್ಮಾ?" ಎಂದದ್ದೇ ತಡ, ಲೊಸಲೀನೆ ಏಳು ವಾರದಿಂದ ಹಿಡಿದಿಟ್ಟಿದ್ದನ್ನೆಲ್ಲ ಒಂದೇ ಉಸಿರಿಗೆ ಸುರಿದಳು. ಕುಂಡೆ ಎಂಬ ಮಾತನ್ನು ಅವಳು ಆ ಹೊತ್ತಿನಲ್ಲಿ ಎಷ್ಟು ಸಲ ಹೇಳಿದಳೋ ಲೆಕ್ಕವಿಲ್ಲ. ಬ್ರಿಸ್ಬೇನಿನವಳು ಒಂದನ್ನೂ ಬಿಡದೆ ಅನುವಾದಿಸಿದಳು. ವಿಮೆಯವನ ಕಿವಿ ಕೆಂಪಾಯಿತು. ಫೈಲಿನಲ್ಲಿ ಕಾಲಿನ ಡಾಕ್ಟರು ಬರೆದ ಹಾಳೆಯನ್ನು ತೆಗೆದು ಮತ್ತೆ ಓದಿದ. ಕುರ್ಚಿಯನ್ನು ಮೂರು ಬಾರಿ ನಿರಾಕರಿಸಿದ್ದು ಯಾಕೆ ಎಂದು ಅವನಿಗೆ ಆಗ ಹೊಳೆಯಿತು. ಮೊದಲು ಕೆಮ್ಮಿದ, ಆಮೇಲೆ ಕೈಯಿಂದ ಬಾಯಿ ಮುಚ್ಚಿಕೊಂಡ, ಕೊನೆಗೆ ತಡೆಯಲಾರದೆ ನಕ್ಕುಬಿಟ್ಟ. ಅಧಿಕಾರಿಯೂ ನಕ್ಕರು. ಲೊಸಲೀನೆಗೆ ಅಷ್ಟೇ ಸಾಕಿತ್ತು, ಅವಳ ನಗು ಕೋಣೆಯ ಆಚೆಗೂ ಕೇಳಿಸುವ ಹಾಗೆ ಎದ್ದಿತು.

ಎದುರಿನ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಸಿಕೊಂಡು ಮೂರು ಗಂಟೆಗೆ ಬನ್ನಿ ಎಂದರು. ತೆಗೆಸಿದೆವು. ಬೆನ್ನುಮೂಳೆಯ ಕೊನೆಯ ತುಂಡು ಬಿರುಕು ಬಿಟ್ಟಿತ್ತು. ಬಿರುಕು ಇಂಥ ದಿನದ್ದೇ ಎಂದು ಹೇಳಲಾಗುವುದಿಲ್ಲ, ಆದರೆ ಹೆಚ್ಚು ಹಳೆಯದಲ್ಲ ಎಂದು ಬರೆದುಕೊಟ್ಟರು. ಮೂರಕ್ಕೆ ವಿಮೆಯವನು ತನ್ನ ತಿರಸ್ಕಾರವನ್ನು ವಾಪಸ್ ಪಡೆದ. ಚಿಕಿತ್ಸೆ ಪೂರ್ತಿ ಅವರದು, ವಾಸಿಯಾಗುವವರೆಗೆ ವಾರದ ಸಂಬಳ, ಅಲ್ಲಿಯವರೆಗೆ ಅವಳನ್ನು ಕಂಪನಿ ವಿಮಾನ ಹತ್ತಿಸುವ ಹಾಗಿಲ್ಲ, ಬರುವ ವರ್ಷದ ಪಟ್ಟಿಯಿಂದ ಹೆಸರು ತೆಗೆಯುವ ಹಾಗೂ ಇಲ್ಲ. ಎರಡು ತಿಂಗಳಲ್ಲಿ ನೆಲದ ಮೇಲೆ ಕೂರಬಹುದು ಎಂದು ಡಾಕ್ಟರು ಹೇಳಿದ್ದರು. ಲೊಸಲೀನೆ ಬೆರಳು ಮಡಚಿ ಎಣಿಸಿ, "ಚಾಪೆಗೆ ಟೈಮಿದೆ ಅಕ್ಕಾ," ಎಂದಳು.

ಎಲ್ಲ ಮುಗಿಯಿತು ಎಂದುಕೊಂಡಾಗ ಅಧಿಕಾರಿ ಇನ್ನೊಂದು ಕಾಗದ ಮುಂದಿಟ್ಟರು.

"ಅನುವಾದಕರ ಮೇಲೆ ದೂರು ಕೊಡೋ ಹಕ್ಕು ನಿಮಗಿದೆ. ಅವರಿಂದ ನಿಮಗೆ ಏಳು ವಾರ ನಷ್ಟ ಆಗಿದೆ. ದೂರು ಕೊಟ್ಟರೆ ವಿಚಾರಣೆ ಆಗುತ್ತೆ, ಅವರ ಪರವಾನಗಿ ಹೋಗಬಹುದು. ಕೊಡದೆ ಇದ್ದರೆ ಅವರೇ ಒಪ್ಪಿಕೊಂಡಿದ್ದು ಅಂತ ಒಂದು ಎಚ್ಚರಿಕೆಗೆ ಮುಗಿಯುತ್ತೆ. ನಿಮ್ಮಿಷ್ಟ."

ಬ್ರಿಸ್ಬೇನಿನವಳು ಅದನ್ನು ಹೇಳಿದಳು. ಲೊಸಲೀನೆ ನಗು ನಿಲ್ಲಿಸಿ, ಕಾಗದವನ್ನು ಮುಟ್ಟದೆ, ನೆಟ್ಟಗೆ ನಿಂತು ಉತ್ತರ ಕೊಟ್ಟಳು.

"ದೂರಿಲ್ಲ ಅಂತ ಹೇಳಿ. ಅವನ ಅನುವಾದದಲ್ಲಿ ತಪ್ಪೇನೂ ಇರ್ಲಿಲ್ಲ. ನಾನು ಬಾಯಿಬಿಟ್ಟು ಹೇಳದೆ ಇದ್ದದ್ದನ್ನ ಅವನು ಸರಿಯಾಗೇ ಹೇಳದೆ ಬಿಟ್ಟ. ನನ್ನ ಮರ್ಯಾದೆ ಉಳಿಸಿದ ಅಣ್ಣನ ಮೇಲೆ ನಾನು ಯಾಕೆ ದೂರು ಕೊಡ್ಲಿ?"

ಬ್ರಿಸ್ಬೇನಿನ ದನಿ ಅನುವಾದಿಸುವ ಮೊದಲು ಒಂದು ಕ್ಷಣ ತಡೆಯಿತು. ಅವಳಿಗೂ ಅಣ್ಣನಿರಬೇಕು. ಅಧಿಕಾರಿ ಕೇಳಿಸಿಕೊಂಡು ಕಾಗದವನ್ನು ಹಿಂದಕ್ಕೆ ಎಳೆದುಕೊಂಡರು.

ನಾವು ಹೊರಗೆ ಬಂದಾಗ ನಾಲ್ಕು ಗಂಟೆ. ಇಸಿಲೇಲಿ ತನ್ನ ಕಾರಿನ ಪಕ್ಕ ಕಟ್ಟಡಕ್ಕೆ ಬೆನ್ನು ಹಾಕಿ ನಿಂತಿದ್ದ. ಎರಡೂ ಕಿವಿಯಲ್ಲಿ ಬೆರಳು. ಹನ್ನೊಂದು ಗಂಟೆಯಿಂದ ಹಾಗೆಯೇ ನಿಂತಿದ್ದನೋ, ನಮ್ಮನ್ನು ಕಂಡ ಮೇಲೆ ಇಟ್ಟುಕೊಂಡನೋ ಗೊತ್ತಿಲ್ಲ. ಬಿಸಿಲಿಗೆ ಅವನ ಕತ್ತು ಕೆಂಪಗಾಗಿತ್ತು. ಲೊಸಲೀನೆ ಇಪ್ಪತ್ತು ಹೆಜ್ಜೆ ದೂರದಲ್ಲಿ, ನಮ್ಮ ವ್ಯಾನಿನ ಹತ್ತಿರವೇ ನಿಂತಳು. ನಾನು ಹೋಗಿ ಅವನ ಮೊಣಕೈ ಹಿಡಿದು ಜಗ್ಗಿದೆ.

"ಮುಗೀತಪ್ಪಾ. ಕಿವಿ ಬಿಡು."

ಬೆರಳು ತೆಗೆದ. ತಿರುಗಲಿಲ್ಲ. ಕಾರಿನ ಕಡೆಗೇ ಮುಖ ಮಾಡಿ ಮೆಲ್ಲಗೆ ಕೇಳಿದ.

"ಕಾಲು ಹೇಗಿದೆಯಂತೆ ಅಕ್ಕಾ?"

ಕಾಲು ಎಂದರೆ ಅವನು ಏನನ್ನು ಕೇಳುತ್ತಿದ್ದ ಎಂದು ನನಗೆ ಗೊತ್ತಿತ್ತು. ಫೋನಿನಲ್ಲಿ ಪಾದ ಎಂದನಲ್ಲ ಎಂದು ಅವನ ಮೇಲೆ ಬಂದಿದ್ದ ಸಿಟ್ಟು ನನ್ನಲ್ಲಿ ಒಂದು ಚೂರೂ ಉಳಿಯಲಿಲ್ಲ.

"ಕಾಲು ಚೆನ್ನಾಗಿದೆ. ಸರ್ಕಾರ ಒಪ್ಕೊಂಡಿದೆ. ಎರಡು ತಿಂಗಳಲ್ಲಿ ಪೂರ್ತಿ ವಾಸಿ," ಎಂದೆ. ದೂರು ಇಲ್ಲ ಎನ್ನುವುದನ್ನೂ ಹೇಳಿದೆ. ಅವನು ಕಾರಿನ ಬಾಗಿಲು ಹಿಡಿದುಕೊಂಡು ಅತ್ತ. ಐವತ್ತರ ಗಂಡಸು, ಕೋರ್ಟಿನಲ್ಲಿ ಕೊಲೆಗಾರರ ಮಾತನ್ನು ಅನುವಾದಿಸಿದವನು, ಚಿಕ್ಕ ಮಗುವಿನ ಹಾಗೆ ಅತ್ತ.

ನಾನು ಹಿಂದಿರುಗಿ ನೋಡಿದೆ. ಲೊಸಲೀನೆ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಅಣ್ಣನ ಕಡೆ ನೋಡದೆ, ಅವನಿಗೆ ಒಂದು ಮಾತನ್ನೂ ಹೇಳದೆ, ಬಲಗಾಲನ್ನು ಎತ್ತಿ ಜಲ್ಲಿಯ ಮೇಲೆ ದಪ್ ದಪ್ ಎಂದು ಎರಡು ಸಲ ಕುಟ್ಟಿದಳು. ನೋವಿಗೆ ಹಲ್ಲು ಕಚ್ಚಿ, ಮೂರನೆಯ ಸಲವೂ ಕುಟ್ಟಿದಳು. ಇಸಿಲೇಲಿ ತಿರುಗಲಿಲ್ಲ. ಆದರೆ ಅವನ ಅಳು ನಿಂತಿತು, ಸ್ವಲ್ಪ ಹೊತ್ತಿಗೆ ಅವನ ಹೆಗಲು ನಗುವಿಗೆ ಕುಲುಕತೊಡಗಿತು.